ಓಡದ ಬಿರುಕು

ಕಬ್ಬಿಣದ ಪೆಟ್ಟಿಗೆಯ ಬೀಗ ತೆಗೆದ ಕೂಡಲೇ ಮೂಗಿಗೆ ಬಡಿದದ್ದು ಲವಂಗದ ವಾಸನೆ. ಅಡುಗೆಮನೆಯ ಲವಂಗವಲ್ಲ, ಹಲ್ಲುನೋವಿನ ಲವಂಗವೂ ಅಲ್ಲ. ಬಂದೂಕಿಗೆ ಹಾಕುವ ಎಣ್ಣೆಯಲ್ಲಿ ಒಂದು ಹಿಡಿ ಲವಂಗ ಬಿದ್ದು ತಿಂಗಳುಗಟ್ಟಲೆ ನೆನೆದರೆ ಬರುವ ವಾಸನೆ. ನನಗೆ ಗೊತ್ತಿರುವ ಮಟ್ಟಿಗೆ ಅಂಥ ಎಣ್ಣೆ ಇಟ್ಟುಕೊಂಡಿದ್ದವರು ಈ ಊರಿನಲ್ಲಿ ಒಬ್ಬರೇ. ಅವರು ಹೋಗಿ ಎಂಟು ವರ್ಷವಾಯಿತು. ಅವರು ಎಣ್ಣೆ ಒರೆಸಿ ಕೊಟ್ಟಿದ್ದ ಬಟ್ಟೆ ಮಾತ್ರ ನನ್ನ ಪೆಟ್ಟಿಗೆಯಲ್ಲಿ, ಪಿಸ್ತೂಲಿನ ಕೆಳಗೆ, ಮಡಚಿದ ಹಾಗೇ ಇತ್ತು.

ಪಿಸ್ತೂಲು ಅಂದದ್ದಕ್ಕೆ ಹುಬ್ಬು ಹಾರಿಸಬೇಡಿ. ನಾನು ಜೀವಮಾನದಲ್ಲಿ ಹೊಡೆದದ್ದೆಲ್ಲ ಕಾಗದದ ಗುರಿಗೆ, ಅದರಲ್ಲೂ ಬಹಳಷ್ಟು ಗೋಡೆಗೆ. ಕಾಲೇಜೊಂದರ ಫಿಸಿಕ್ಸ್ ಲ್ಯಾಬಿನಲ್ಲಿ ಡೆಮಾನ್‌ಸ್ಟ್ರೇಟರ್ ಆಗಿದ್ದೆ. ಮೂವತ್ತು ದಾಟಿದ ಮೇಲೆ, ಮದುವೆಯ ಮಾತೆಲ್ಲ ಮುಗಿದು ಮನೆಯವರು ಸುಮ್ಮನಾದ ಮೇಲೆ, ಶೂಟಿಂಗ್ ಕ್ಲಬ್ಬಿನ ಹುಚ್ಚು ಹತ್ತಿತು. ಲೈಸೆನ್ಸು, ಆಮದು ಪರವಾನಗಿ ಎಂದು ಕಚೇರಿಗಳ ಮೆಟ್ಟಿಲು ಸವೆಸಿ, ಹೊರದೇಶದ ಒಂದು ಪಾಯಿಂಟ್ ಟೂ ಟೂ ಅಳತೆಯ ಪಿಸ್ತೂಲು ತರಿಸಿಕೊಂಡೆ. ಈಗ ಕೈ ನಡುಗುತ್ತದೆ. ಕಾಫಿ ಲೋಟವನ್ನೇ ಎರಡು ಕೈಯಲ್ಲಿ ಹಿಡಿಯುವವಳಿಗೆ ಪಿಸ್ತೂಲು ಯಾಕೆ? ಲೈಸೆನ್ಸ್ ನವೀಕರಣದ ಕಾಲ ಬಂದಾಗ, ಈ ಸಲ ನವೀಕರಿಸುವುದು ಬೇಡ, ಒಪ್ಪಿಸಿಬಿಡೋಣ ಎಂದುಕೊಂಡೆ. ಒಪ್ಪಿಸುವ ಮೊದಲು ಒರೆಸಿ ಇಡೋಣ ಎಂದು ಪೆಟ್ಟಿಗೆ ತೆಗೆದಿದ್ದೆ...

ಯಜಮಾನರ ಅಂಗಡಿ ಇದ್ದದ್ದು ಚಾಮರಾಜಪೇಟೆಯಲ್ಲಿ, ನಾನೂ ಅಮ್ಮನೂ ಬಾಡಿಗೆಗಿದ್ದ ಮನೆಯ ಎದುರಿಗೇ. ಕೆಳಗೆ ಅಂಗಡಿ, ಮೇಲೆ ಮನೆ, ಅದರ ಮೇಲೆ ತಾರಸಿ. ಇಡೀ ಬೀದಿ ಅವರನ್ನು ಯಜಮಾನರು ಎಂದೇ ಕರೆಯುತ್ತಿತ್ತು. ತಾತನ ಕಾಲದಿಂದ ಅದು ಬಂದೂಕು ರಿಪೇರಿಯ ಅಂಗಡಿ. ಕೊಡಗಿನ ತೋಟದವರ ಜೋಡಿನಳಿಗೆ ಬಂದೂಕು, ಬ್ಯಾಂಕಿನ ಕಾವಲುಗಾರರ ತುಕ್ಕು ತಿಂದ ಬಂದೂಕು, ಎಲ್ಲ ಅಲ್ಲಿಗೇ ಬರುತ್ತಿದ್ದವು. ಯಜಮಾನರ ಹಣೆಯ ಮೇಲೆ ಮೂರು ಗೆರೆ ವಿಭೂತಿ, ಬಲಗಣ್ಣಿಗೆ ಗಡಿಯಾರದವರು ಹಾಕಿಕೊಳ್ಳುವಂಥ ಭೂತಗನ್ನಡಿ. ಅವರು ಮದುವೆ ಮಾಡಿಕೊಂಡಿರಲಿಲ್ಲ. ಗಂಡನನ್ನು ಕಳೆದುಕೊಂಡ ತಂಗಿ ಜೊತೆಗಿದ್ದರು. ಎಣ್ಣೆಗೆ ಲವಂಗ ಹಾಕುತ್ತಿದ್ದದ್ದು ಆಕೆಯೇ. ಉಣ್ಣುವ ಅನ್ನಕ್ಕೂ ಬಂದೂಕಿನ ಎಣ್ಣೆಯ ನಾತ ಬಡಿಯುತ್ತದೆ ಎಂದು ಅಣ್ಣನ ಜೊತೆ ಜಗಳವಾಡಿ, ಒಂದು ದಿನ ತಾವೇ ಹೋಗಿ ಡಬ್ಬಿಗೆ ಲವಂಗ ಸುರಿದರಂತೆ.

ನನ್ನ ಪಿಸ್ತೂಲನ್ನು ಮೊದಲ ಸಲ ತೋರಿಸಲು ಹೋದ ದಿನ ಚೆನ್ನಾಗಿ ನೆನಪಿದೆ. ಯಾವ ಬಂದೂಕು ಬಂದರೂ ಯಜಮಾನರು ಮೊದಲು ಅದನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದರು. ನನ್ನದನ್ನೂ ಒತ್ತಿಕೊಂಡರು. ಆಮೇಲೆ ಅಂಗೈ ಮೇಲಿಟ್ಟು ತೂಗಿ ನೋಡಿ ಮುಖ ಸಿಂಡರಿಸಿದರು. ಮೇಲಿನ ಭಾಗ, ನಳಿಗೆ ಉಕ್ಕು; ಹಿಡಿಯೂ ಅದಕ್ಕೆ ಸೇರಿದ ಬಾಡಿಯೂ ಪೂರ್ತಿ ಕಪ್ಪು ಪ್ಲಾಸ್ಟಿಕ್.

"ಏನ್ ಟೀಚರಮ್ಮ, ಬಾಚಣಿಗೆ ಹಿಡ್ಕೊಂಡಂಗಿದೆ" ಅಂದರು.

ನಾನು ಸುಮ್ಮನಿರುವ ಪೈಕಿಯೇ? ನೈಲಾನಿಗೆ ಗಾಜಿನ ಎಳೆ ಬೆರೆಸಿ ಎರಕ ಹೊಯ್ದದ್ದು, ಬೆವರಿಗೆ ತುಕ್ಕು ಹಿಡಿಯುವುದಿಲ್ಲ, ಹೊಡೆತವನ್ನು ಸ್ವಲ್ಪ ತಾನೇ ನುಂಗಿಕೊಳ್ಳುತ್ತದೆ ಎಂದೆಲ್ಲ ಪಾಠ ಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಗಾಂಧಿ ಬಜಾರಿನಲ್ಲಿ ತಂಗಿ ತಂದ ಬಕೆಟ್ಟು ಒಂದು ಬೇಸಿಗೆಗೆ ಬಾಯಿಬಿಟ್ಟಿತು, ಇದು ಎಷ್ಟು ವರ್ಷ ಬಾಳೀತು ಎಂದು ಕೇಳಿದರು. ಅವರ ಅಂಗಡಿಗೆ ಬರುತ್ತಿದ್ದ ಬಂದೂಕುಗಳು ಅಜ್ಜನಿಂದ ಮೊಮ್ಮಗನ ಕೈಗೆ ಬಂದವು. ಬಾಳಿಕೆ ಎಂದರೆ ಅವರ ಲೆಕ್ಕದಲ್ಲಿ ಮೂರು ತಲೆಮಾರು.

"ನಿಮಗಿಂತ ಜಾಸ್ತಿ ವರ್ಷ ಬಾಳುತ್ತೆ ಯಜಮಾನ್ರೇ" ಅಂದೆ. ಅವರು ಹೊಟ್ಟೆ ಹಿಡಿದು ನಕ್ಕರು. ನನ್ನ ನಾಲಿಗೆ ಮೊದಲಿನಿಂದಲೂ ಹಾಗೇ, ಅದಕ್ಕೆ ಮೂಳೆಯೂ ಇಲ್ಲ ಲಗಾಮೂ ಇಲ್ಲ.

ಪಿಸ್ತೂಲಿನ ಜೊತೆ ಹಿಡಿಯ ಬೆನ್ನಿಗೆ ಕೂರಿಸುವ ಎರಡು ತುಂಡು ಬಂದಿದ್ದವು, ದೊಡ್ಡ ಕೈಯವರಿಗೊಂದು, ಸಣ್ಣ ಕೈಯವರಿಗೊಂದು. ಎರಡೂ ಅದೇ ಪ್ಲಾಸ್ಟಿಕ್. ದೊಡ್ಡದು ನನಗೆ ಬೇಕಾಗಿರಲಿಲ್ಲ. ಯಜಮಾನರು ಅದನ್ನು ಕೇಳಿ ಇಸಿದುಕೊಂಡರು. ಬಿಸಿಲಿಗೆ ಹಾಕಿ ನೋಡುತ್ತೇನೆ ಅಂದರು. ತಾರಸಿಯ ಗೋಡೆಯ ಮೇಲೆ ಅದನ್ನೂ, ಪಕ್ಕದಲ್ಲಿ ಒಂದು ತುಂಡು ಬಂದೂಕಿನ ಮರವನ್ನೂ, ಒಂದು ಚೂರು ಉಕ್ಕನ್ನೂ ಸಾಲಾಗಿ ಇಟ್ಟರು. ಅವರ ತಂಗಿ ಸಂಡಿಗೆ ಹಾಕಲು ಹೋದಾಗಲೆಲ್ಲ ಆ ಮೂರನ್ನೂ ಬೈಯುವುದು ನಮ್ಮ ಬಾಲ್ಕನಿಗೆ ಕೇಳಿಸುತ್ತಿತ್ತು. ಎರಡು ಮಳೆಗಾಲ ಕಳೆಯುವುದರೊಳಗೆ ಉಕ್ಕು ಕೆಂಪಾಯಿತು, ಮರ ಸೀಳಿತು. ಪ್ಲಾಸ್ಟಿಕ್ಕಿನ ಮೈ ಬೂದಿ ಬಳಿದ ಹಾಗೆ ಸ್ವಲ್ಪ ಮಾಸಿತು, ಅಷ್ಟೇ. ಯಜಮಾನರು ಅದನ್ನು ಉಗುರಿನಿಂದ ಕೆರೆದರು, ಬಗ್ಗಿಸಿದರು, ಕಿವಿಯ ಹತ್ತಿರ ಹಿಡಿದು ತಟ್ಟಿ ಕೇಳಿದರು. ಉಕ್ಕಿನ ಹಾಗೆ ಇದು ಮಾತಾಡಲ್ಲ, ಇದರ ಹೊಟ್ಟೆಯಲ್ಲಿ ಏನಿದೆಯೋ ಗೊತ್ತಾಗಲ್ಲ ಎಂದು ದೂರಿದರು.

ಆಯುಧಪೂಜೆಯ ದಿನ ರಿಪೇರಿಗೆ ಬಂದ ಬಂದೂಕಿಗೆಲ್ಲ ವಿಭೂತಿ, ಕುಂಕುಮ ಹಚ್ಚುತ್ತಿದ್ದರು. ನಮ್ಮ ಮನೆಯಲ್ಲಿ ಬುದ್ಧನ ಪಟ ಬಿಟ್ಟರೆ ಬೇರೆ ದೇವರಿಲ್ಲ ಎಂದು ಅವರಿಗೆ ಗೊತ್ತಿತ್ತು. ಅದಕ್ಕೇ ಪ್ರತಿವರ್ಷ, ಬೆರಳಲ್ಲಿ ಕುಂಕುಮ ಹಿಡಿದುಕೊಂಡೇ ನನ್ನನ್ನು ಕೇಳುವರು, "ನಿಮ್ಮಲ್ಲಿ ನಡೆಯುತ್ತಾ ಟೀಚರಮ್ಮ, ಬೇಜಾರಿಲ್ಲ ತಾನೇ?" ಹಚ್ಚಿ ಎನ್ನುತ್ತಿದ್ದೆ. ಬೇರೆ ಬಂದೂಕುಗಳ ಉಕ್ಕಿನಿಂದ ಕುಂಕುಮ ಮಾರನೆಯ ದಿನ ಒರೆಸಿದರೆ ಹೋಗುತ್ತಿತ್ತು. ನನ್ನದರ ಹಿಡಿಯಲ್ಲಿ, ಜಾರದಿರಲೆಂದು ಮಾಡಿದ ತರಿತರಿಯಲ್ಲಿ, ಅದು ಕೂತು ಹಾಗೇ ಉಳಿಯಿತು. ಇವತ್ತಿಗೂ ಇದೆ.

ಈಗ ಹೇಳಲೇಬೇಕಾದ ಮಾತಿಗೆ ಬರುತ್ತೇನೆ. ಹೇಳದೆ ಹೀಗೇ ಲವಂಗ, ಸಂಡಿಗೆ ಎಂದು ಸುತ್ತಾಡಿಸಲು ನನಗೂ ಇಷ್ಟವೇ...

ನನಗೆ ರಾಜ್ಯ ತಂಡದ ಆಯ್ಕೆಗೆ ಕರೆ ಬಂದಿತ್ತು. ಭಾನುವಾರ ಆಯ್ಕೆ. ಕಾಲೇಜಿನಲ್ಲಿ ಬೇಡಿಕೊಂಡು ರಜೆ ಪಡೆದಿದ್ದೆ. ನನ್ನ ವಯಸ್ಸಿಗೆ ಅಂಥ ಕರೆ ಇನ್ನೊಂದು ಸಲ ಬರುವುದಿಲ್ಲ ಎಂದು ನನಗೂ ಗೊತ್ತಿತ್ತು, ಕ್ಲಬ್ಬಿನವರಿಗೂ ಗೊತ್ತಿತ್ತು. ಮಂಗಳವಾರ ಪಿಸ್ತೂಲಿನ ಒಂದು ಸ್ಪ್ರಿಂಗ್ ಸೋತಂತೆ ಅನ್ನಿಸಿ ಯಜಮಾನರ ಹತ್ತಿರ ಒಯ್ದೆ. ಅಷ್ಟು ವರ್ಷದಲ್ಲಿ ಅವರೇ ಕಂಡುಕೊಂಡಿದ್ದ ವಿಷಯ ಅದು. ಪ್ಲಾಸ್ಟಿಕ್ ಸಾಯುವುದಿಲ್ಲ, ಒಳಗಿನ ಉಕ್ಕಿನ ಸ್ಪ್ರಿಂಗೇ ಮೊದಲು ಸಾಯುತ್ತದೆ ಎಂದು ಅವರು ಬೇಸರದಿಂದಲೇ ಒಪ್ಪಿಕೊಂಡಿದ್ದರು.

ಸ್ಪ್ರಿಂಗ್ ಬದಲಿಸಲು ಒಂದು ಪಿನ್ನು ತೆಗೆಯಬೇಕಿತ್ತು. ಅವರ ಕಸುಬಿನಲ್ಲಿ ಒಂದು ರೂಢಿ: ಯಾವ ಬಂದೂಕಾದರೂ ಪಿನ್ನನ್ನು ಎಡದಿಂದ ಬಲಕ್ಕೆ ಹೊಡೆದು ತೆಗೆಯುವುದು, ಬಲದಿಂದ ಎಡಕ್ಕೆ ಕೂರಿಸುವುದು. ತಾತ ಅಪ್ಪನಿಗೆ ಕಲಿಸಿದ್ದು, ಅಪ್ಪ ಇವರಿಗೆ ಕಲಿಸಿದ್ದು. ನನ್ನ ಪಿಸ್ತೂಲಿನ ಆ ಒಂದು ಪಿನ್ನಿಗೆ ಎಡಗಡೆ ದಪ್ಪ ತಲೆಯಿತ್ತು, ಅದನ್ನು ಬಲದಿಂದ ಎಡಕ್ಕೆ ಹೊಡೆದು ತೆಗೆಯಬೇಕಿತ್ತು. ಯಜಮಾನರು ಸುತ್ತಿಗೆಯನ್ನು ಕಣ್ಣಿಗೊತ್ತಿಕೊಂಡು, ಹಿತ್ತಾಳೆಯ ಕಡ್ಡಿಯನ್ನು ಎಡಗಡೆ ಇಟ್ಟು, ಒಂದು ಹೊಡೆತ ಹೊಡೆದರು. ಉಕ್ಕಿನಲ್ಲಾದರೆ ಟಣ್ ಎಂದು ತಿರುಗಿ ಹೇಳಿರುತ್ತಿತ್ತು, ಕೈ ತಾನಾಗಿ ನಿಂತಿರುತ್ತಿತ್ತು. ಇದು ಏನೂ ಹೇಳಲಿಲ್ಲ. ಎರಡನೆಯ ಹೊಡೆತಕ್ಕೆ ಟಿಕ್ ಎಂದು ಒಂದು ಸಣ್ಣ ಸದ್ದು ಬಂತು.

ಅವರು ಬಹಳ ಹೊತ್ತು ಭೂತಗನ್ನಡಿಯಲ್ಲಿ ನೋಡಿದರು. ಆಮೇಲೆ ಕನ್ನಡಿಯನ್ನು ತೆಗೆದು ನನ್ನ ಕೈಗೆ ಕೊಟ್ಟರು. ಮುಚ್ಚಿಡಬಹುದಿತ್ತು, ನನಗೆ ಕಾಣುತ್ತಲೇ ಇರಲಿಲ್ಲ. ಪಿನ್ನಿನ ತೂತಿನಿಂದ ಕೆಳಕ್ಕೆ ಕೂದಲೆಳೆಯಷ್ಟು ಬಿರುಕು ಇಳಿದಿತ್ತು. "ನನ್ ಕೈ ತಪ್ಪು" ಅಂದರು, ಅಷ್ಟೇ.

ನಾನು ಅಂದದ್ದು ಅಷ್ಟೇ ಅಲ್ಲ. ಕೊಡಗಿನಿಂದ ಬಂದಿದ್ದ ಒಬ್ಬರು ಬೆಂಚಿನ ಮೇಲೆ ಕೂತಿದ್ದರು, ಅವರ ಎದುರಿಗೇ ಅಂದೆ. "ನಿಮ್ಮ ಕೈಗೆ ವಯಸ್ಸಾಯ್ತು ಯಜಮಾನ್ರೇ, ಕಬ್ಬಿಣ ಬಡ್ಕೊಂಡಿರಿ. ಇಲ್ಲಾಂದ್ರೆ ಅಂಗಡಿ ಮುಚ್ಕೊಂಡು ಮನೇಲಿರಿ." ಇನ್ನೂ ಏನೇನೋ ಅಂದೆ. ಅವರ ತಂಗಿ ಮೆಟ್ಟಿಲಿಳಿದು ಬಂದು ಅರ್ಧದಲ್ಲೇ ನಿಂತದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ಯಜಮಾನರು ತಲೆ ತಗ್ಗಿಸಿ ಕೇಳಿಸಿಕೊಂಡರು. ಆ ಅಂಗಡಿಯಲ್ಲಿ ಅದುವರೆಗೆ ಒಂದು ಆಯುಧವೂ ಕೆಟ್ಟದ್ದಿಲ್ಲ ಎಂದು ನನಗೆ ಮೊದಲೇ ಗೊತ್ತಿತ್ತು, ಆದರೂ ಬಾಯಿ ನಿಲ್ಲಲಿಲ್ಲ.

ಶುಕ್ರವಾರ ಸಂಜೆ ಯಜಮಾನರು ರಸ್ತೆ ದಾಟಿ ನಮ್ಮ ಮನೆಗೆ ಬಂದರು. ಅಷ್ಟು ವರ್ಷದಲ್ಲಿ ಅವರು ನಮ್ಮ ಮೆಟ್ಟಿಲು ಹತ್ತಿದ್ದು ಅದೊಂದೇ ಸಲ. ಎಣ್ಣೆ ಒರೆಸಿದ ಬಟ್ಟೆಯಲ್ಲಿ ಪಿಸ್ತೂಲು ಸುತ್ತಿತ್ತು. ಅಮ್ಮ ಕುರ್ಚಿ ಕೊಟ್ಟರು, ಕೂರಲಿಲ್ಲ. ಹೊಸ ಸ್ಪ್ರಿಂಗ್ ಹಾಕಿದ್ದರು. ಬಿರುಕಿನ ತುದಿಯಲ್ಲಿ ಸಾಸಿವೆಗಿಂತ ಸಣ್ಣ ತೂತು ಕೊರೆದಿದ್ದರು.

"ಬಿರುಕಿಗೆ ಮೊನೆ ಇರೋ ತನಕ ಅದು ಓಡುತ್ತೆ. ಮೊನೆ ತೆಗ್ದು ಗುಂಡಗೆ ಮಾಡಿದೀನಿ. ಇನ್ನು ಓಡಲ್ಲ ಟೀಚರಮ್ಮ, ಭಾನುವಾರ ಧೈರ್ಯವಾಗಿ ಹೊಡೀರಿ."

ಅವರು ಹೇಳಿದ್ದು ಸರಿ ಎಂದು ನನಗೆ ಗೊತ್ತಿತ್ತು. ಫಿಸಿಕ್ಸ್ ಓದಿದವಳು ನಾನು. ಎಳೆತವೆಲ್ಲ ಚೂಪಾದ ತುದಿಯಲ್ಲೇ ಸೇರುತ್ತದೆ, ದುಂಡಗಿನ ತೂತು ಸಿಕ್ಕಿದರೆ ಸುತ್ತ ಹರಡಿಕೊಳ್ಳುತ್ತದೆ. ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಿದ್ದವಳೇ ನಾನು. ಆದರೆ ಸಿಟ್ಟು ಇನ್ನೂ ಇಳಿದಿರಲಿಲ್ಲ. "ಓಡಲ್ಲ ಅಂತ ಬರ್ಕೊಡ್ತೀರಾ?" ಎಂದು ಕೇಳಿದೆ.

ಅವರು ಪಿಸ್ತೂಲನ್ನು ನನ್ನ ಕೈಗಿಟ್ಟರು. "ಉಕ್ಕಾಗಿದ್ರೆ ಬರ್ಕೊಡ್ತಿದ್ದೆ. ಪ್ಲಾಸ್ಟಿಕ್ ವಿಷ್ಯ ಬರ್ಕೊಡೋ ಅಷ್ಟು ನಂಗಿನ್ನೂ ಗೊತ್ತಿಲ್ಲ" ಎಂದು ಹೇಳಿ, ಅಮ್ಮನಿಗೆ ಕೈಮುಗಿದು ಇಳಿದು ಹೋದರು.

ಭಾನುವಾರ ನಾನು ಹೋಗಲಿಲ್ಲ. ಪಿಸ್ತೂಲನ್ನು ಆ ಬಟ್ಟೆಯ ಸಮೇತ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದೆ. ಕೇಳಿದವರಿಗೆಲ್ಲ, ಎದುರುಮನೆಯವರು ನನ್ನ ಪಿಸ್ತೂಲು ಒಡೆದುಹಾಕಿದರು, ಅದಕ್ಕೇ ಆಯ್ಕೆ ತಪ್ಪಿತು ಎಂದೆ. ಹೇಳಿ ಹೇಳಿ ನಾನೇ ಅದನ್ನು ನಂಬಿಬಿಟ್ಟೆ.

ಆಮೇಲಿನ ವರ್ಷಗಳಲ್ಲಿ ಬೀದಿಯಲ್ಲಿ ಎದುರಾದಾಗ ಯಜಮಾನರು ಕೇಳುತ್ತಿದ್ದದ್ದು ಒಂದೇ ಮಾತು. ತರಕಾರಿ ಗಾಡಿಯ ಹತ್ತಿರ, ಹಾಲಿನ ಬೂತಿನ ಹತ್ತಿರ, ಎಲ್ಲೇ ಸಿಗಲಿ, "ಓಡಿತಾ ಟೀಚರಮ್ಮ?" ನನ್ನ ಉತ್ತರವೂ ಒಂದೇ. "ಹೊಡೆದೇ ಇಲ್ಲ." ಹೇಳಿ ಮುಖ ತಿರುಗಿಸಿಕೊಂಡು ಬರುತ್ತಿದ್ದೆ. ಕೊನೆಕೊನೆಗೆ ನಾನು ಆಚೆ ಕಡೆಯ ಫುಟ್‌ಪಾತಿನಲ್ಲಿ ನಡೆಯಲು ಶುರುಮಾಡಿದೆ. "ಒಂದ್ಸಲ ಹೋಗಿ ಮಾತಾಡ್ಸೇ, ಹಿರೀರು" ಎಂದು ಅಮ್ಮ ಹೇಳುತ್ತಲೇ ಇದ್ದರು, ನಾನು ಕೇಳಿಸಿಕೊಳ್ಳಲಿಲ್ಲ.

ಆ ಹೊತ್ತಿಗೆ ಅವರ ತಾರಸಿಯಲ್ಲಿ ಒಂದು ಹೊಸ ವಸ್ತು ಕಾಣಿಸಿಕೊಂಡಿತ್ತು. ಬಟ್ಟೆ ಒಣಹಾಕುವ ಕಂಬದ ಕೊಕ್ಕೆಗೆ ಕಪ್ಪಗಿನ ಏನೋ ಒಂದು, ಅದರ ಕೆಳಗೆ ತಂತಿಯಲ್ಲಿ ತಕ್ಕಡಿಯ ತೂಕದ ಕಲ್ಲು. ಬಿಸಿಲು, ಮಳೆ ಯಾವುದಕ್ಕೂ ಅದನ್ನು ತೆಗೆಯುತ್ತಿರಲಿಲ್ಲ. ದಿನಾ ಸಂಜೆ ಅಂಗಡಿ ಮುಚ್ಚಿದ ಮೇಲೆ ಯಜಮಾನರು ಮೇಲೆ ಬಂದು, ಆ ಕಲ್ಲನ್ನು ಹಿಡಿದು ಕೆಳಕ್ಕೆ ಎಳೆದು ಎಳೆದು ಬಿಡುತ್ತಿದ್ದರು. ಎಷ್ಟೋ ಹೊತ್ತು. ಆಮೇಲೆ ಭೂತಗನ್ನಡಿ ಹಾಕಿಕೊಂಡು ನೋಡಿ ಕೆಳಗಿಳಿಯುವರು. ದೃಷ್ಟಿಗೆ ಏನೋ ಕಟ್ಟಿರಬೇಕು, ಪಾಪ ಅರಳುಮರಳು ಎಂದು ನಾನು ಬಾಲ್ಕನಿಯಲ್ಲಿ ಕಾಫಿ ಕುಡಿಯುತ್ತಾ ಅಂದುಕೊಂಡೆ. ತಂತಿಗೆ ತೂಕ ನೇತುಹಾಕಿ ಅದು ಎಷ್ಟು ತಡೆಯುತ್ತದೆ ಎಂದು ಅಳೆಯುವ ಪ್ರಯೋಗವನ್ನು ಬೆಳಿಗ್ಗೆಯೆಲ್ಲ ಲ್ಯಾಬಿನಲ್ಲಿ ಮಾಡಿಸಿ ಬಂದವಳು, ಸಂಜೆ ಎದುರಿನ ತಾರಸಿಯಲ್ಲಿ ಅದೇ ಪ್ರಯೋಗ ನಡೆಯುತ್ತಿದ್ದರೆ ದೃಷ್ಟಿಗೊಂಬೆ ಎಂದುಕೊಂಡೆ. ಹದಿಮೂರು ವರ್ಷ ಅಂದುಕೊಂಡೆ. ನನ್ನ ಓದಿಗಿಷ್ಟು ಬೆಂಕಿ ಹಾಕಬೇಕು.

ಯಜಮಾನರು ಒಂದು ಮಧ್ಯಾಹ್ನ ಅಂಗಡಿಯಲ್ಲಿ ಕೂತಲ್ಲೇ ಹೋದರು. ನಾನು ಕಾಲೇಜಿನಲ್ಲಿದ್ದೆ, ಬರುವಷ್ಟರಲ್ಲಿ ಒಯ್ದಿದ್ದರು. ತಿಂಗಳು ಕಳೆದು, ತುಮಕೂರಿನ ನೆಂಟರ ಮನೆಗೆ ಹೊರಟಿದ್ದ ಅವರ ತಂಗಿ ನಮ್ಮ ಮನೆಗೆ ಬಂದರು. ಕೈಯಲ್ಲಿ ತಾರಸಿಯಲ್ಲಿ ತೂಗುತ್ತಿದ್ದ ಆ ವಸ್ತು ಇತ್ತು, ಅದರ ಜೊತೆ ಒಂದು ಚೀಟಿ.

"ಇದು ನಿಮ್ದಂತೆ, ಕೊಟ್ಬಿಡು ಅಂದಿದ್ದ ಅಣ್ಣ" ಅಂದರು. ಅದಕ್ಕಿಂತ ಹೆಚ್ಚು ಅವರು ನನ್ನ ಜೊತೆ ಮಾತಾಡಲಿಲ್ಲ. ಯಾಕೆ ಮಾತಾಡಬೇಕು?

ಅದು ನಾನು ಕೊಟ್ಟಿದ್ದ ಬೆನ್ನಿನ ತುಂಡು. ಬಿಸಿಲಿಗೆ ಪೂರ್ತಿ ಬೂದಿಬಣ್ಣಕ್ಕೆ ತಿರುಗಿತ್ತು. ಅದರ ನಡುವೆ ಬೇಕೆಂದೇ ಮಾಡಿದ ಒಂದು ಬಿರುಕು, ಕೂದಲೆಳೆಯಷ್ಟು, ನನ್ನ ಪಿಸ್ತೂಲಿನಲ್ಲಿದ್ದ ಹಾಗೆಯೇ. ಬಿರುಕಿನ ತುದಿಯಲ್ಲಿ ಸಾಸಿವೆಗಿಂತ ಸಣ್ಣ ತೂತು. ತೂತಿನಾಚೆ ಏನೂ ಇರಲಿಲ್ಲ, ನುಣ್ಣಗಿತ್ತು. ಅಷ್ಟು ವರ್ಷದ ತೂಕ, ಅಷ್ಟು ಸಂಜೆಯ ಎಳೆತ... ಒಂದು ನೂಲಿನಷ್ಟೂ ಮುಂದೆ ಹೋಗಿರಲಿಲ್ಲ. ಚೀಟಿ ಅಂಗಡಿಯ ರಸೀತಿ ಪುಸ್ತಕದಿಂದ ಹರಿದದ್ದು. ದುಂಡಗಿನ ಅಕ್ಷರದಲ್ಲಿ ಎರಡು ಸಾಲು: "ಬಿರುಕು ಓಡುವುದಿಲ್ಲ. ಬರೆದುಕೊಟ್ಟಿದ್ದೇನೆ." ಕೆಳಗೆ ಸಹಿ.

ಅದನ್ನು ಓದಿ ಅತ್ತೆ. ಆದರೂ ರೇಂಜಿಗೆ ಹೋಗಿ ಹೊಡೆದು ನೋಡಲಿಲ್ಲ. ಬಿರುಕು ಓಡಿಬಿಟ್ಟರೆ ಎಂಬ ಭಯವಲ್ಲ. ಓಡದೇ ಇದ್ದರೆ ಎಂಬ ಭಯ. ಓಡದಿದ್ದರೆ ಆ ಭಾನುವಾರವೂ ಓಡುತ್ತಿರಲಿಲ್ಲ ಎಂದಾಯಿತು. ಆಯ್ಕೆ ತಪ್ಪಿಸಿದ್ದು ಅವರ ಸುತ್ತಿಗೆಯಲ್ಲ, ನನ್ನ ಹಟ ಎಂದಾಯಿತು. ಚೀಟಿಯನ್ನೂ ತುಂಡನ್ನೂ ಪಿಸ್ತೂಲಿನ ಪಕ್ಕದಲ್ಲಿಟ್ಟು ಮತ್ತೆ ಬೀಗ ಹಾಕಿದೆ.

ಅಮ್ಮ ತೀರಿಕೊಂಡ ಮೇಲೆ ನಾನು ಎನ್.ಆರ್. ಕಾಲೋನಿಗೆ ಬಂದೆ. ಒಂದು ಕೋಣೆ, ಒಂದು ಅಡುಗೆಮನೆ, ಒಬ್ಬಳಿಗೆ ಅದೇ ಜಾಸ್ತಿ. ಇಡೀ ದಿನ ಮಾತಾಡದೇ ಕಳೆದು, ಸಂಜೆ ಹಾಲಿನವನ ಹತ್ತಿರ ಮಾತಾಡಲು ಹೋದರೆ ಗಂಟಲು ಕಟ್ಟಿರುತ್ತದೆ. ಎಲ್ಲರ ಬಾಯಿ ಮುಚ್ಚಿಸುತ್ತಿದ್ದ ನಾಲಿಗೆಗೆ ಈಗ ಕೆಲಸವೇ ಇಲ್ಲ. ಯಜಮಾನರ ಅಂಗಡಿ ಇದ್ದ ಜಾಗದಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ. ಗೋಡೆ ತುಂಬ ಬಣ್ಣಬಣ್ಣದ ಪ್ಲಾಸ್ಟಿಕ್.

ಮೊನ್ನೆ, ಒಪ್ಪಿಸುವ ಮೊದಲು, ಪಿಸ್ತೂಲನ್ನು ಕ್ಲಬ್ಬಿಗೆ ಒಯ್ದೆ. ಈಗ ಅಲ್ಲಿ ನನ್ನ ಗುರುತಿನವರು ಯಾರೂ ಇಲ್ಲ. ರೇಂಜ್ ನೋಡಿಕೊಳ್ಳುವ ಯುವಕನೊಬ್ಬ ಲೈಸೆನ್ಸ್ ನೋಡಿ, "ಬನ್ನಿ ಮೇಡಂ, ನಿಧಾನ" ಎಂದು ಮೇಜು ತೋರಿಸಿದ. ಪಿಸ್ತೂಲನ್ನು ಕಣ್ಣಿಗೊತ್ತಿಕೊಂಡೆ. ಯಾವ ದೇವರೂ ಇಲ್ಲದವಳು ಯಾಕೆ ಒತ್ತಿಕೊಂಡೆನೋ ಕೇಳಬೇಡಿ. ಕೈ ನಡುಗುತ್ತಿದ್ದರಿಂದ ಮರಳಿನ ಚೀಲದ ಮೇಲೆ ಆನಿಸಿ ಹೊಡೆದೆ. ಒಂದು, ಎರಡು, ಹತ್ತು. ಪೆಟ್ಟಿಗೆಯಲ್ಲಿದ್ದ ಗುಂಡು ಮುಗಿಯುವವರೆಗೆ ಹೊಡೆದೆ. ಕಾಗದದಲ್ಲಿ ಎಲ್ಲಿ ಬಿತ್ತೋ ನೋಡಲೂ ಇಲ್ಲ.

ಖಾಲಿ ಮಾಡಿ, ಹತ್ತಿಯಿಂದ ಒರೆಸಿ, ಲ್ಯಾಬಿನಿಂದ ತಂದಿದ್ದ ಹಳೆಯ ಭೂತಗನ್ನಡಿಯಲ್ಲಿ ನೋಡಿದೆ. ಪಿನ್ನಿನ ತೂತು, ಅಲ್ಲಿಂದ ಕೂದಲೆಳೆಯ ಬಿರುಕು, ಅದರ ತುದಿಯಲ್ಲಿ ಯಜಮಾನರ ಸಾಸಿವೆ ತೂತು. ಅಲ್ಲಿಗೇ ನಿಂತಿತ್ತು. ಪಕ್ಕದಲ್ಲಿ ಆಯುಧಪೂಜೆಯ ಕುಂಕುಮ ಕೆಂಪಗೆ ಕೂತಿತ್ತು.

"ಓಡಿಲ್ಲ" ಅಂದೆ. ಜೋರಾಗಿಯೇ ಅಂದಿರಬೇಕು.

ಯುವಕ ಓಡಿ ಬಂದ. "ಏನ್ ಓಡಿಲ್ಲ ಮೇಡಂ? ಜಾಮ್ ಆಯ್ತಾ? ಕೊಡಿ, ನಾನ್ ನೋಡ್ತೀನಿ."

ಏನೂ ಇಲ್ಲಪ್ಪ, ಸರಿಯಾಗಿದೆ ಎಂದೆ. ಅವನಿಗೆ ಹೇಗೆ ಹೇಳಲಿ? ಆ ಮಾತಿಗೆ ಅರ್ಥ ಗೊತ್ತಿದ್ದವರು ಒಬ್ಬರೇ. ತರಕಾರಿ ಗಾಡಿಯ ಹತ್ತಿರ, ಹಾಲಿನ ಬೂತಿನ ಹತ್ತಿರ ನಿಂತು ಅಷ್ಟು ವರ್ಷ ಕೇಳಿದರು, ನಾನು ಹೇಳಲಿಲ್ಲ.